ಮಲೆನಾಡಿನ ಮನೆಯ ಸೂರುದೋಣಿಯೂ ಗೃಹವಿಮೆಯೂ

ಮೃಗಶಿರೆಯ ಮಳೆಯು ಹತ್ತಿರವಾಗುತ್ತಲೆ ಮಲೆನಾಡಿನ ರೈತನು ತೋಟದ ಬಸಿಗಾಲುವೆಗಳನ್ನು ಕೆತ್ತಿಸುವನು. ಗದ್ದೆಯ ಬದುಗಳನ್ನು ಬಲಪಡಿಸುವನು. ಸೌದೆಯನ್ನು ಒಳಕ್ಕೆ ಸೇರಿಸುವನು. ತೋಟದಲ್ಲಿ ನೀರು ನಿಂತರೆ ಅಡಿಕೆಯ ಬೇರು ಕೊಳೆಯುವುದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತಾನೂ ತನ್ನ ಮಕ್ಕಳೂ ಮಲಗುವ ಮನೆಯ ಸೂರಿನಿಂದ ಇಳಿಯುವ ನೀರಿನ ವಿಷಯದಲ್ಲಿ ಅದೇ ರೈತನು ತೋರುವ ಔದಾಸೀನ್ಯವು ಆಶ್ಚರ್ಯಕರವಾದುದು. ಸೂರಿಗೆ ಕಟ್ಟಿದ ದೋಣಿಯು ಎಲೆಕಸದಿಂದ ತುಂಬಿ, ಅದರಲ್ಲಿ ಹುಲ್ಲು ಬೆಳೆದು, ಕೊನೆಗೆ ಒಂದು ಆಲದ ಸಸಿಯೂ ತಲೆಯೆತ್ತಿ ನಿಂತಿರುವ ಮನೆಗಳು ಊರಿಗೆ ಒಂದೆರಡಾದರೂ ಇದ್ದೇ ಇರುವುವು.

ಇದರಿಂದಾಗುವ ಕೇಡು ಒಂದೇ ದಿನದಲ್ಲಿ ಕಾಣುವುದಿಲ್ಲ. ಮೊದಲನೆಯ ವರ್ಷ ಗೋಡೆಯ ಸುಣ್ಣವು ಉದುರುವುದು. ಎರಡನೆಯ ವರ್ಷ ಪಕಾಸಿಗಳ ತುದಿಗಳು ಮೆದುವಾಗುವುವು. ಅನಂತರ ಒಂದು ವರ್ಷ ಆಶ್ಲೇಷೆಯ ಜಡಿಮಳೆಯಲ್ಲಿ, ರಾತ್ರಿಯ ವೇಳೆ, ಗೋಡೆಯೇ ಕುಳಿತುಬಿಡುವುದು. ಗೋಡೆಯ ಆಚೆಗೆ ಮನುಷ್ಯರು ಮಲಗಿದ್ದರೆ ಅದರ ಫಲವನ್ನು ವಿವರಿಸಬೇಕಾಗಿಲ್ಲ. ಭತ್ತದ ಚೀಲಗಳೂ ಬಿತ್ತನೆಯ ಬೀಜವೂ ಇದ್ದರೆ ಒಂದು ವರ್ಷದ ದುಡಿಮೆಯು ಮೊಳಕೆಯೊಡೆದು ಹೋಗುವುದು. ಆಗ ವಿಮೆಯ ಕಾಗದವನ್ನು ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆದು ನೋಡಿದರೆ, ಆ ಕಾಗದವು ಈ ನಷ್ಟಕ್ಕೆ ಬಾಧ್ಯವಲ್ಲವೆಂಬ ಉತ್ತರವು ಬರುವುದುಂಟು. ಆದಕಾರಣ ದೋಣಿ ಮತ್ತು ವಿಮೆ ಇವೆರಡನ್ನೂ ಒಟ್ಟಿಗೆ ವಿಚಾರಿಸುವುದು ಯುಕ್ತವಾಗಿದೆ.

ಸೂರಿನ ನೀರೆಂದರೆ ಎಷ್ಟು?

ಒಂದು ಸಾವಿರ ಚದರ ಅಡಿ ನೆಲವನ್ನು ಮುಚ್ಚುವ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರು ನೀರು ಸೂರಿನಿಂದ ಇಳಿಯುವುದು. ವರ್ಷವೊಂದಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆಯಾಗುವ ಆಗುಂಬೆಯಂಥ ಸ್ಥಳದಲ್ಲಿ ಅದೇ ಮಾಡಿನಿಂದ ಆರೂವರೆ ಲಕ್ಷ ಲೀಟರು ನೀರು ಇಳಿಯುವುದೆಂದು ಲೆಕ್ಕ ಬರುವುದು. ಇಷ್ಟು ನೀರೂ ದೋಣಿಯಿಲ್ಲದ ಮನೆಯಲ್ಲಿ ಗೋಡೆಯಿಂದ ಎರಡು ಮೂರು ಅಡಿ ದೂರದಲ್ಲಿ ಒಂದೇ ಗೆರೆಯಾಗಿ ಬೀಳುವುದು. ಬಿದ್ದ ನೀರು ಕೆಂಪು ಮಣ್ಣನ್ನು ಗೋಡೆಗೆ ಒಂದಡಿ ಒಂದೂವರೆಯಡಿ ಎತ್ತರಕ್ಕೆ ಎರಚುವುದು. ಗೆರೆಯ ಉದ್ದಕ್ಕೂ ಗುಳಿ ಮಾಡಿ, ಗುಳಿಯಿಂದ ಪಂಚಾಂಗದ ಕೆಳಕ್ಕೆ ಇಳಿಯುವುದು. ಜಂಬಿಟ್ಟಿಗೆಯ ಕಲ್ಲು ನೀರನ್ನು ಹೀರುವ ಸ್ವಭಾವವುಳ್ಳದ್ದು. ಮಣ್ಣಿನ ಗೋಡೆಯ ಮಾತನ್ನು ಹೇಳಲೇಬೇಕಾಗಿಲ್ಲ. ತೇವ ಹಿಡಿದ ಗೋಡೆಯನ್ನು ಗೆದ್ದಲು ತಾನಾಗಿಯೇ ಹುಡುಕಿಕೊಂಡು ಬರುವುದು.

ನಮ್ಮ ಹಿರಿಯರು ಇದನ್ನು ಅರಿಯದವರಾಗಿರಲಿಲ್ಲ. ಮಾಡನ್ನು ಗೋಡೆಯಿಂದ ಬಹುದೂರ ಹೊರಕ್ಕೆ ಚಾಚಿ, ಮಳೆಯ ದಿಕ್ಕಿನ ಗೋಡೆಗೆ ಸೋಗೆಯ ತಟ್ಟಿಗಳನ್ನು ಕಟ್ಟಿ, ಸೂರಿನ ಕೆಳಗೆ ಕಲ್ಲು ಹಾಸಿದ ಚರಂಡಿಯನ್ನು ಇಡುತ್ತಿದ್ದರು. ತೊಟ್ಟಿಯ ಮನೆಗಳಲ್ಲಿ ನಾಲ್ಕು ಮಾಡುಗಳ ನೀರೂ ಮೂಲೆಗಳ ದೋಣಿಗಳ ಮೂಲಕ ತೊಟ್ಟಿಗೆ ಇಳಿದು ಅಲ್ಲಿಂದ ಹೊರಕ್ಕೆ ಹೋಗುತ್ತಿತ್ತು. ಬಯಲುಸೀಮೆಯ ಮೇಲ್ಮುದ್ದೆಯ ಮನೆಗಳಲ್ಲಿಯೂ ಹರನಾಳಿಗೆಯನ್ನು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿಸುವ ಪದ್ಧತಿಯುಂಟು. 1865 ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಮಂಗಳೂರು ಹಂಚು ಘಟ್ಟದ ಮೇಲಕ್ಕೂ ಹರಡಿತು. ಸೋಗೆಯ ಮಾಡು ಮಳೆಯನ್ನು ಕೊಂಚ ತಡೆದು ಹನಿಹನಿಯಾಗಿ ಬಿಡುವುದು. ಹಂಚಿನ ಮಾಡಾದರೋ ಬಿದ್ದ ನೀರನ್ನು ಬಿದ್ದಂತೆಯೇ ಸೂರಿಗೆ ತಂದು ಸುರಿಯುವುದು. ಸೋಗೆ ಹೋಗಿ ಹಂಚು ಬಂದಾಗ, ಹಂಚು ಹೋಗಿ ತಗಡೂ ಕಾಂಕ್ರೀಟೂ ಬಂದಾಗ, ನೀರಿನ ವ್ಯವಸ್ಥೆಯನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಬೇಕಾಗಿತ್ತು. ಅನೇಕರು ಮಾಡನ್ನು ಮಾತ್ರ ಬದಲಾಯಿಸಿದರು.

ದೋಣಿಯ ಆಯ್ಕೆ

ಅತ್ಯಂತ ಸುಲಭವೂ ಅಗ್ಗವೂ ಆದ ದೋಣಿಯು ತೋಟದಲ್ಲಿಯೇ ದೊರೆಯುವುದು. ಬಲಿತು ಬಿದ್ದ ಅಡಿಕೆಮರವನ್ನು ಎರಡು ಸೀಳಾಗಿ ಮಾಡಿ ಒಳಗಿನ ತಿರುಳನ್ನು ಕೆತ್ತಿ ತೆಗೆದರೆ ಅದೇ ದೋಣಿ. ಇದಕ್ಕೆ ತುಕ್ಕು ಹಿಡಿಯುವುದಿಲ್ಲ. ಕೆಟ್ಟರೆ ಒಲೆಗೆ ಆಗುವುದು. ಆದರೆ ಮಳೆಗಾಲ ಮುಗಿದ ಕೂಡಲೆ ಕೆಳಗಿಳಿಸಿ ಒಣಗಿಸಿ ನೆರಳಿನಲ್ಲಿ ಇಡದೆ ವರ್ಷಪೂರ್ತಿ ಸೂರಿನಲ್ಲಿಯೇ ಬಿಟ್ಟರೆ ಬಿಸಿಲಿಗೆ ಸೀಳುವುದು, ಒದ್ದೆಗೆ ಕುಂಬಾಗುವುದು. ಕೊಟ್ಟಿಗೆಗೂ ಅಡಿಕೆಯ ಕೆಲಸದ ಚಪ್ಪರಕ್ಕೂ ಇದು ಇಂದಿಗೂ ಸಾಕು. ಇದನ್ನು ಹಳೆಯ ಕಾಲದ್ದೆಂದು ಹೀನೈಸುವುದು ಸರಿಯಲ್ಲ.

ಸತುವಿನ ಲೇಪವುಳ್ಳ ಕಬ್ಬಿಣದ ತಗಡಿನ ದೋಣಿಯು ಬಲವಾದದ್ದು. ಅದರ ಶತ್ರುವು ಮಳೆಯಲ್ಲ, ಒದ್ದೆ ಎಲೆ. ತೇವವಾದ ಎಲೆಕಸದ ಮುದ್ದೆಯು ತಿಂಗಳುಗಟ್ಟಲೆ ತಗಡಿಗೆ ಅಂಟಿಕೊಂಡಿದ್ದರೆ ಲೇಪವು ಸವೆದು ಅಲ್ಲಿಯೇ ತೂತು ಬೀಳುವುದು. ತಗಡನ್ನು ಕತ್ತರಿಸಿದ ಅಂಚುಗಳಿಗೂ ಮೊಳೆ ಹೊಡೆದ ತೂತುಗಳಿಗೂ ಬಣ್ಣವನ್ನು ಹಚ್ಚದೆ ಬಿಟ್ಟರೆ ತುಕ್ಕು ಅಲ್ಲಿಂದ ಆರಂಭವಾಗುವುದು. ಪಿ.ವಿ.ಸಿ. ದೋಣಿಗೆ ತುಕ್ಕಿಲ್ಲವೆಂಬುದು ನಿಜ. ಆದರೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದರಿಂದ ಕೂಡುಗಳು ಬಿಟ್ಟುಕೊಳ್ಳುವುವು, ಬಹುಕಾಲ ಬಿಸಿಲಿಗೆ ಸಿಕ್ಕಿದುದು ಪೆಡಸಾಗಿ, ತೆಂಗಿನ ಹೆಡೆಯೊಂದು ಬಿದ್ದರೂ ಒಡೆಯುವುದು.

ಅಳತೆಯ ವಿಷಯದಲ್ಲಿ ಜಿಪುಣತನವು ಹಾನಿಕರ. ಮಲೆನಾಡಿನ ಮಳೆಗೆ ಆರು ಅಂಗುಲ ಅಗಲದ ಅರ್ಧವೃತ್ತದ ದೋಣಿಗಿಂತ ಚಿಕ್ಕದನ್ನು ಕಟ್ಟದಿರುವುದು ಲೇಸು. ನೀರನ್ನು ಕೆಳಕ್ಕೆ ಇಳಿಸುವ ಕೊಳವೆಯು ನಾಲ್ಕು ಅಂಗುಲದ್ದಾಗಿರಲಿ. ಹತ್ತು ಅಡಿಗೆ ಅರ್ಧ ಅಂಗುಲದಷ್ಟು ಇಳಿಜಾರಿರಬೇಕು. ನಲವತ್ತು ಅಡಿಯ ಸೂರಿಗೆ ಒಂದೇ ಕಡೆ ಇಳಿಜಾರು ಕೊಡುವುದಕ್ಕಿಂತ ನಡುವೆ ಎತ್ತರಿಸಿ ಎರಡೂ ತುದಿಗಳಲ್ಲಿ ಕೊಳವೆಯನ್ನು ಇಡುವುದು ಉತ್ತಮ. ಒಂದು ಕಟ್ಟಿಕೊಂಡರೂ ಇನ್ನೊಂದು ಕೆಲಸಕ್ಕೆ ಬರುವುದು.

ಬಹುಜನರು ಮರೆಯುವ ಸಂಗತಿಯೆಂದರೆ ನೀರಿನ ಭಾರ. ಆರು ಅಂಗುಲದ ಅರ್ಧವೃತ್ತದ ದೋಣಿಯು ತುಂಬಿದಾಗ ಅಡಿಯೊಂದಕ್ಕೆ ಹೆಚ್ಚುಕಡಿಮೆ ಎರಡೂಮುಕ್ಕಾಲು ಲೀಟರು ನೀರನ್ನು ಹಿಡಿಯುವುದು. ನಲವತ್ತು ಅಡಿಯ ದೋಣಿಯು ಕಟ್ಟಿಕೊಂಡು ತುಂಬಿದರೆ ಸೂರಿಗೆ ಸುಮಾರು 110 ಕಿಲೋಗ್ರಾಂ ಭಾರವನ್ನು ನೇತುಹಾಕಿದಂತಾಯಿತು. ಕೆಸರೂ ಎಲೆಯೂ ಸೇರಿದರೆ ಇನ್ನೂ ಹೆಚ್ಚು. ಆದ್ದರಿಂದ ಎರಡು ಎರಡೂವರೆ ಅಡಿಗೊಂದು ಕಬ್ಬಿಣದ ಹಿಡಿಕೆಯನ್ನು ಪಕಾಸಿಗೆ ಬಿಗಿಯಬೇಕೇ ಹೊರತು ತೆಳುವಾದ ಅಂಚುಹಲಗೆಗೆ ಮೊಳೆ ಹೊಡೆದು ಬಿಡಬಾರದು. ದೋಣಿಯು ಕಳಚಿಬೀಳುವಾಗ ಒಂಟಿಯಾಗಿ ಬೀಳುವುದಿಲ್ಲ. ಅಂಚುಹಲಗೆಯನ್ನೂ ಎರಡು ಸಾಲು ಹಂಚನ್ನೂ ಜೊತೆಗೆ ಕರೆದುಕೊಂಡು ಬರುವುದು.

ಇಳಿದ ನೀರನ್ನು ಗೋಡೆಯ ಬುಡದಲ್ಲಿಯೇ ಬಿಟ್ಟರೆ ದೋಣಿ ಕಟ್ಟಿದ ಖರ್ಚು ವ್ಯರ್ಥ. ಐದಾರು ಅಡಿಯಾದರೂ ಆಚೆಗೆ ಕಲ್ಲುಚರಂಡಿಗೆ ಸೇರಿಸತಕ್ಕದ್ದು. ಎರಡು ಮಾಡುಗಳು ಕೂಡುವ ಮೂಲೆಯ ತಗಡನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಮನೆಯ ಸೋರಿಕೆಗಳಲ್ಲಿ ಹೆಚ್ಚಿನ ಪಾಲು ಅಲ್ಲಿಯೇ ಹುಟ್ಟುವುದು.

ಶುಚಿಮಾಡುವ ಕಾಲ

ವರ್ಷಕ್ಕೊಮ್ಮೆ ಶುಚಿಮಾಡಿದರೆ ಸಾಲದು. ಕೃತ್ತಿಕೆಯ ಗಾಳಿಮಳೆ ಕಳೆದ ಮೇಲೆ, ರೋಹಿಣಿಯಲ್ಲಿ, ಒಂದು ಸಾರಿ ಪೂರ್ತಿಯಾಗಿ ಕಸವನ್ನು ತೆಗೆಯತಕ್ಕದ್ದು. ಗಾಳಿಗೆ ಮುಂಚೆಯೇ ತೆಗೆದರೆ ಗಾಳಿಯು ಮತ್ತೆ ತುಂಬಿಸುವುದು. ಆರಿದ್ರೆ ಪುನರ್ವಸುಗಳ ನಡುವೆ ಹೊಳವು ದೊರೆತ ದಿನ ಎರಡನೆಯ ಸಾರಿ ನೋಡತಕ್ಕದ್ದು. ಮಳೆಗಾಲವು ಹಿಂದೆ ಸರಿದ ಮೇಲೆ ಮೂರನೆಯ ಸಾರಿ ಒಣಗಿಸಿ, ತುಕ್ಕನ್ನು ಉಜ್ಜಿ, ಬಣ್ಣವನ್ನು ಕೊಡತಕ್ಕದ್ದು. ಕಾಫಿಯ ಸೀಮೆಯಲ್ಲಿ ಸಿಲ್ವರ್ ಓಕ್ ಮರಗಳ ಎಲೆಯೂ, ಉಳಿದೆಡೆ ಬಿದಿರೆಲೆಯೂ ಗಾಳಿಮರದ ಸೂಜಿಯಂಥ ಎಲೆಯೂ ದೋಣಿಗೆ ಬಹಳ ತೊಂದರೆ ಕೊಡುವುವು. ದೋಣಿಯ ಮೇಲೆ ಜಾಲರಿಯನ್ನು ಹಾಸುವವರುಂಟು. ದೊಡ್ಡ ಎಲೆಗೆ ಜಾಲರಿಯು ಒಳ್ಳೆಯದೇ; ಆದರೆ ಸಣ್ಣ ಎಲೆಯು ಜಾಲರಿಯ ಕಣ್ಣುಗಳಲ್ಲಿ ಸಿಕ್ಕಿ ಚಾಪೆಯಂತಾಗಿ ನೀರು ದೋಣಿಗೆ ಇಳಿಯದೆ ಮೇಲೆಯೇ ಹಾರಿಹೋಗುವುದು. ಜಾಲರಿಯಿದೆಯೆಂದು ಏಣಿಯನ್ನು ಮರೆತವನ ದೋಣಿಯು ಜಾಲರಿಯಿಲ್ಲದವನ ದೋಣಿಗಿಂತ ಬೇಗನೆ ಕೆಡುವುದು. ಕೊಳವೆಯ ಬಾಯಿಗೆ ತಂತಿಯ ಬುಟ್ಟಿಯೊಂದನ್ನು ಇಟ್ಟರೆ ಸಾಕಾಗುವುದು.

ಕಸವನ್ನು ತೆಗೆದ ಮೇಲೆ ದೋಣಿಯ ಎತ್ತರದ ತುದಿಯಲ್ಲಿ ಎರಡು ಕೊಡ ನೀರನ್ನು ಸುರಿದು ನೋಡತಕ್ಕದ್ದು. ನೀರು ಎಲ್ಲಿ ನಿಲ್ಲುವುದೋ ಅಲ್ಲಿ ಹಿಡಿಕೆಯು ಜಗ್ಗಿದೆ. ಎಲ್ಲಿ ತೊಟ್ಟಿಕ್ಕುವುದೋ ಅಲ್ಲಿ ಬೆಸುಗೆ ಬಿಟ್ಟಿದೆ. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ನಿಂತ ನೀರಿನಲ್ಲಿ ಡೆಂಗಿಜ್ವರವನ್ನು ಹರಡುವ ಸೊಳ್ಳೆಯು ಒಂದು ವಾರ ಹತ್ತು ದಿನಗಳೊಳಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯುವುದೆಂಬುದನ್ನೂ ಇಲ್ಲಿ ನೆನೆಯಬೇಕು. ಅಂಗಳದಲ್ಲಿ ಬಿದ್ದ ಅಡಿಕೆಯ ಹಾಳೆಗಳನ್ನು ಕವುಚಿಹಾಕುವ ಗೃಹಿಣಿಯು ತಲೆಯ ಮೇಲಿರುವ ದೋಣಿಯನ್ನು ನೋಡಿರುವುದಿಲ್ಲ.

ಏಣಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾಗದು. ಮಲೆನಾಡಿನ ಅನೇಕ ಮನೆಗಳಿಗೆ ವಿದ್ಯುತ್ತಿನ ತಂತಿಯು ಸೂರಿನ ಸಮೀಪದಲ್ಲಿಯೇ ಬರುವುದು. ಅಲ್ಯೂಮಿನಿಯಮ್ ಏಣಿಯಾಗಲಿ ದೋಟಿಯಾಗಲಿ ಅದನ್ನು ಸೋಂಕಿದರೆ ಪ್ರಾಣವು ಉಳಿಯುವುದು ಕಷ್ಟ. ಬಿದಿರಿನ ಏಣಿಯೂ ಒದ್ದೆಯಾಗಿದ್ದರೆ ನಂಬತಕ್ಕದ್ದಲ್ಲ. ಪಾಚಿ ಹಿಡಿದ ಹಂಚಿನ ಮೇಲೆ ಕಾಲಿಡದೆ, ಏಣಿಯ ಬುಡವನ್ನು ಇನ್ನೊಬ್ಬರು ಹಿಡಿದಿರುವಾಗ, ಮಳೆಯಿಲ್ಲದ ಹೊತ್ತಿನಲ್ಲಿಯೇ ಈ ಕೆಲಸವನ್ನು ಮಾಡತಕ್ಕದ್ದು. ಒಂದು ದೋಣಿಗಾಗಿ ಮನೆಯ ಯಜಮಾನನನ್ನು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ವಿಮೆಯು ಯಾವುದನ್ನು ಕೊಡುವುದು, ಯಾವುದನ್ನು ಕೊಡದು

ಮನೆಯ ವಿಮೆಯೆಂಬುದು ನಮ್ಮ ಗ್ರಾಮಗಳಲ್ಲಿ ಇನ್ನೂ ಅಪರೂಪದ ಮಾತು. ವಿಮೆಯ ಹೆಸರು ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ನೌಕರರ ಜೀವವಿಮೆಯು 1891 ರಲ್ಲಿಯೇ ಆರಂಭವಾಯಿತು. ಆದರೆ ಜೀವಕ್ಕೆ ವಿಮೆ ಮಾಡಿಸಿದವನೂ, 2016 ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆಗೆ ವಿಮೆ ಮಾಡಿಸಿದವನೂ ಮನೆಗೆ ಮಾತ್ರ ಮಾಡಿಸಿರುವುದಿಲ್ಲ. ಬೆಳೆವಿಮೆಯು ಮನೆಯ ಅಟ್ಟದವರೆಗೂ ಬರುವುದೆಂದು ತಿಳಿದಿರುವವರೂ ಇದ್ದಾರೆ. ಇದು ತಪ್ಪು. ಆ ಯೋಜನೆಯಲ್ಲಿ ಕೊಯ್ಲಿನ ಅನಂತರದ ನಷ್ಟಕ್ಕೆ ಅವಕಾಶವಿರುವುದು ಕೊಯ್ದು ಗದ್ದೆಯಲ್ಲಿಯೇ ಒಣಗಲು ಹರಡಿದ ಬೆಳೆಗೆ, ಅದೂ ಕೊಯ್ಲಿನಿಂದ 14 ದಿನಗಳವರೆಗೆ ಮಾತ್ರ. ಮನೆಗೆ ತಂದು ಚೀಲಕ್ಕೆ ತುಂಬಿದ ಭತ್ತವು ಸೋರುವ ಸೂರಿನಡಿಯಲ್ಲಿ ನೆನೆದರೆ ಬೆಳೆವಿಮೆಯು ಕೇಳುವುದಿಲ್ಲ.

ಸರ್ಕಾರದ ಪರಿಹಾರವನ್ನು ನಂಬಿ ಸುಮ್ಮನಿರುವವರೂ ಉಂಟು. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ 2022-23 ರಿಂದ 2025-26 ರ ಅವಧಿಗೆ ಗೊತ್ತುಮಾಡಿದ್ದ ಪ್ರಮಾಣದಲ್ಲಿ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಅದಕ್ಕೂ ಹಾನಿಯು ಶೇಕಡ 15 ಕ್ಕೆ ಕಡಮೆಯಾಗಿರಬಾರದು. ಒಂದು ಪಕ್ಕದ ಸೂರನ್ನು ಮರಳಿ ಕಟ್ಟಿಸುವ ಬಡಗಿಯ ಕೂಲಿಗೂ ಇದು ಸಾಲುವುದು ಕಷ್ಟ. ಈ ಹಣವು ಆಪತ್ತಿಗೆ ಕೊಡುವ ನೆರವೇ ಹೊರತು ನಷ್ಟದ ಬೆಲೆಯಲ್ಲ.

2021 ನೆಯ ಏಪ್ರಿಲ್ 1 ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆಜ್ಞೆಯಂತೆ ಭಾರತ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿಯು ಜಾರಿಗೆ ಬಂದಿತು. ಮುಂದೆ ಹೇಳುವುದೆಲ್ಲವೂ ಈ ಪಾಲಿಸಿಗೆ ಸಂಬಂಧಿಸಿದ್ದು. ಬೇರೆ ಬಗೆಯ ಪಾಲಿಸಿಯುಳ್ಳವರು ತಮ್ಮ ಕೈಯಲ್ಲಿರುವ ಕಾಗದವನ್ನೇ ಪ್ರಮಾಣವಾಗಿ ತಿಳಿಯತಕ್ಕದ್ದು. ಇದರಲ್ಲಿ ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ನೆರೆ, ಭೂಕುಸಿತ, ಕಾಡುಗಿಚ್ಚು, ಮರವೋ ವಾಹನವೋ ಬಂದು ಬಡಿಯುವುದು, ದೊಂಬಿ, ನೀರಿನ ತೊಟ್ಟಿಯೂ ಕೊಳಾಯಿಯೂ ಒಡೆದು ಅಥವಾ ಉಕ್ಕಿ ಹರಿಯುವುದು ಮುಂತಾದ ಅಪಾಯಗಳನ್ನು ಹೆಸರು ಹೇಳಿ ಬರೆದಿದೆ. ಇಂಥ ಅಪಾಯದ ಹಿಂದೆಯೇ ಏಳು ದಿನಗಳೊಳಗೆ ಕಳವಾದರೆ ಅದೂ ಸೇರುವುದು. ಈ ಹೆಸರಿಸುವಿಕೆಯೇ ಮುಖ್ಯವಾದ ಅಂಶ. ಪಟ್ಟಿಯಲ್ಲಿರುವ ಅಪಾಯದಿಂದ ನಷ್ಟವಾಗಿದ್ದರೆ ಹಣವುಂಟು. ಪಟ್ಟಿಯಲ್ಲಿಲ್ಲದ ಕಾರಣದಿಂದ ಆಗಿದ್ದರೆ ಇಲ್ಲ. ತುಕ್ಕು, ಗೆದ್ದಲು, ಕುಂಬು, ಸವೆತ, ವರ್ಷವರ್ಷವೂ ಇಳಿಯುವ ತೇವ ಇವು ಯಾವುವೂ ಆ ಪಟ್ಟಿಯಲ್ಲಿಲ್ಲ.

ದೋಣಿಯು ಮನೆಗೆ ಭದ್ರವಾಗಿ ಜೋಡಿಸಿದ ವಸ್ತುವಾದ್ದರಿಂದ ಕಟ್ಟಡದ ಭಾಗವೆಂದೇ ಎಣಿಕೆಯಾಗುವುದು. ಅದಕ್ಕಾಗಿ ಬೇರೆ ವಿಮೆ ಬೇಕಾಗಿಲ್ಲ. ಆದರೆ ಅದಕ್ಕೆ ಹಣ ಬರುವ ಸಂದರ್ಭವನ್ನೂ ಬಾರದ ಸಂದರ್ಭವನ್ನೂ ವಿಂಗಡಿಸಿ ತಿಳಿಯಬೇಕು. ಕೃತ್ತಿಕೆಯ ಬಿರುಗಾಳಿಗೆ ಹಲಸಿನ ಕೊಂಬೆಯೊಂದು ಮುರಿದು ಸೂರಿನ ಮೇಲೆ ಬಿದ್ದು ದೋಣಿಯನ್ನೂ ಹಂಚನ್ನೂ ಪಕಾಸಿಯನ್ನೂ ಮುರಿಯಿತೆಂದು ಇಟ್ಟುಕೊಳ್ಳೋಣ. ಇದು ನಿಸ್ಸಂದೇಹವಾಗಿ ವಿಮೆಯ ಒಳಗಿನ ನಷ್ಟ. ಇನ್ನೊಬ್ಬನ ದೋಣಿಯು ನಾಲ್ಕು ವರ್ಷಗಳಿಂದ ತೂತಾಗಿ ಗೋಡೆಯ ಮೇಲೆ ನೀರು ಇಳಿಯುತ್ತಿದ್ದು, ಗಾಳಿಯೂ ನೆರೆಯೂ ಇಲ್ಲದ ಸಾಧಾರಣ ಮಳೆಯ ರಾತ್ರಿಯಲ್ಲಿ ಗೋಡೆಯು ಕುಳಿತರೆ ಅದು ವಿಮೆಯ ಹೊರಗಿನದು. ಇವೆರಡರಲ್ಲಿಯೂ ವಾದಕ್ಕೆ ಎಡೆಯಿಲ್ಲ.

ಕಷ್ಟವಿರುವುದು ಮೂರನೆಯವನಿಗೆ. ಅವನ ದೋಣಿಯಲ್ಲಿ ಕಸವೂ ತುಂಬಿತ್ತು, ಆ ರಾತ್ರಿ ಬಿರುಗಾಳಿಯೂ ಬೀಸಿತು. ದೋಣಿಯು ಉಕ್ಕಿ, ಗಾಳಿಗೆ ಕಳಚಿ, ಒಂದು ಮೂಲೆಯ ಗೋಡೆಯೊಡನೆ ಕೆಳಗೆ ಬಿದ್ದಿತು. ರೈತನು ಗಾಳಿಯನ್ನು ದೂರುವನು. ನಷ್ಟವನ್ನು ನೋಡಲು ಬಂದ ಸರ್ವೇಯರು ಹಿಡಿಕೆಯ ತುಕ್ಕನ್ನೂ ಪಕಾಸಿಯ ಕುಂಬನ್ನೂ ತೋರಿಸುವನು. ಅನೇಕ ಕಾರಣಗಳು ಕೂಡಿದ್ದಾಗ ನಷ್ಟವನ್ನು ನೇರವಾಗಿ ಉಂಟುಮಾಡಿದ ಕಾರಣವು ಯಾವುದೆಂದು ನೋಡುವುದು ವಿಮಾಶಾಸ್ತ್ರದ ಹಳೆಯ ನಿಯಮ. ಮನೆಯನ್ನು ನಷ್ಟದಿಂದ ಕಾಪಾಡಲು ತಕ್ಕ ಜಾಗರೂಕತೆಯನ್ನು ವಹಿಸತಕ್ಕದ್ದೆಂಬ ಷರತ್ತೂ ಪಾಲಿಸಿಯಲ್ಲಿಯೇ ಇದೆ. ಉಕ್ಕಿ ಹರಿಯುವ ನೀರಿನ ತೊಟ್ಟಿ ಕೊಳಾಯಿಗಳ ಮಾತನ್ನು ಮಳೆಯ ದೋಣಿಗೂ ಅನ್ವಯಿಸಬಹುದೆಂದು ಕೆಲವರು ವಾದಿಸುವರು. ಅದನ್ನು ನೆಚ್ಚಿಕೊಂಡು ಕುಳಿತುಕೊಳ್ಳುವುದು ವಿವೇಕವಲ್ಲ. ಈ ಮೂರನೆಯವನಿಗೆ ಹಣ ದೊರೆಯುವುದೂ ದೊರೆಯದಿರುವುದೂ ಬಹುಮಟ್ಟಿಗೆ ಅವನು ಏನನ್ನು ರುಜುವಾತು ಮಾಡಬಲ್ಲನೆಂಬುದನ್ನು ಅವಲಂಬಿಸಿದೆ. ರೋಹಿಣಿಯಲ್ಲಿ ದೋಣಿಯನ್ನು ಶುಚಿಮಾಡಿಸಿದ ದಿನ ನಾಲ್ಕು ಮೂಲೆಗಳಿಂದ ಮೊಬೈಲಿನಲ್ಲಿ ತೆಗೆದ ತಾರೀಖುಳ್ಳ ಚಿತ್ರಗಳು, ಹಿಡಿಕೆ ಕೊಂಡ ಅಂಗಡಿಯ ರಸೀದಿ, ಬಡಗಿಗೆ ಕೊಟ್ಟ ಕೂಲಿಯ ಚೀಟಿ ಇವುಗಳಿದ್ದರೆ ಅವನ ಮಾತಿಗೆ ತೂಕ ಬರುವುದು. ದೋಣಿಯ ಪೋಷಣೆಯು ಹೀಗೆ ಗೋಡೆಯನ್ನೂ ಉಳಿಸುವುದು, ಗೋಡೆ ಉಳಿಯದಿದ್ದರೆ ಹಕ್ಕನ್ನೂ ಉಳಿಸುವುದು.

ವಿಮೆಯ ಮೊಬಲಗು

ಎಷ್ಟು ಮೊಬಲಗಿಗೆ ವಿಮೆ ಮಾಡಿಸಬೇಕೆಂಬಲ್ಲಿ ಎರಡು ಬಗೆಯ ತಪ್ಪುಗಳು ನಡೆಯುವುವು. ನಿವೇಶನದ ಬೆಲೆಯನ್ನೂ ಸೇರಿಸಿ ಹೆಚ್ಚು ಬರೆಯಿಸುವುದು ಒಂದು. ಕಂತು ಕಡಮೆಯಾಗಲೆಂದು ಕಡಮೆ ಬರೆಯಿಸುವುದು ಇನ್ನೊಂದು. ಭೂಮಿಯು ಸುಡುವುದಿಲ್ಲ, ಆದ್ದರಿಂದ ಅದಕ್ಕೆ ಕಂತು ಕಟ್ಟುವುದು ದಂಡ. ಮನೆಯ ಒಳಗಿನ ನೆಲದ ವಿಸ್ತೀರ್ಣವನ್ನು ಕಟ್ಟಡದ ಈಗಿನ ನಿರ್ಮಾಣದರದಿಂದ ಗುಣಿಸಿದರೆ ಮೊಬಲಗು ಬರುವುದು. ಒಂದು ಸಾವಿರ ಚದರ ಅಡಿಯ ಮನೆಗೆ ಚದರ ಅಡಿಗೆ 1,800 ರೂಪಾಯಿಯೆಂದು ಇಟ್ಟುಕೊಂಡರೆ 18 ಲಕ್ಷ ರೂಪಾಯಿ. ಕಟ್ಟಡಕ್ಕೆ ವಿಮೆ ಮಾಡಿಸಿದಲ್ಲಿ ಒಳಗಿನ ಗೃಹೋಪಯೋಗಿ ಸಾಮಾನಿಗೆ ಕಟ್ಟಡದ ಮೊಬಲಗಿನ ಶೇಕಡ 20 ರಷ್ಟು, ಹತ್ತು ಲಕ್ಷ ರೂಪಾಯಿಯ ಮಿತಿಗೆ ಒಳಪಟ್ಟು, ತಾನಾಗಿಯೇ ಸೇರುವುದು. ಮೇಲಣ ಉದಾಹರಣೆಯಲ್ಲಿ ಅದು 3 ಲಕ್ಷ 60 ಸಾವಿರ. ಹಿಂದಿನ ಪಾಲಿಸಿಗಳಲ್ಲಿ ಮೊಬಲಗನ್ನು ಕಡಮೆ ಬರೆಯಿಸಿದವನಿಗೆ ನಷ್ಟದ ಹಣವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸಿ ಕೊಡುತ್ತಿದ್ದರು. ಭಾರತ ಗೃಹ ರಕ್ಷಾದಲ್ಲಿ ಈ ಕತ್ತರಿಯನ್ನು ತೆಗೆದುಹಾಕಿದೆ. ಇದು ರೈತನಿಗೆ ದೊಡ್ಡ ಅನುಕೂಲವೇ. ಆದರೂ ಪೂರ್ಣನಾಶವಾದಾಗ ಬರೆದ ಮೊಬಲಗಿಗಿಂತ ಹೆಚ್ಚು ಬರಲಾರದಷ್ಟೆ. ಪಾಲಿಸಿಯನ್ನು ಹತ್ತು ವರ್ಷಗಳವರೆಗೂ ಒಟ್ಟಿಗೆ ಪಡೆಯಬಹುದು. ಬಿದ್ದ ಮಣ್ಣುಕಲ್ಲುಗಳನ್ನು ತೆಗೆಯಿಸಲು ಪರಿಹಾರದ ಶೇಕಡ 2 ರವರೆಗೂ, ಶಿಲ್ಪಿ ಎಂಜಿನಿಯರುಗಳ ಶುಲ್ಕಕ್ಕೆ ಶೇಕಡ 5 ರವರೆಗೂ ಬೇರೆಯಾಗಿ ಕೊಡುವರು.

ರೈತನ ಮನೆಗೆ ವಿಶೇಷವಾದ ತೊಡಕುಗಳು ಕೆಲವಿವೆ. ಪಾಲಿಸಿಯು ವಾಸದ ಮನೆಗಾಗಿ ಬರೆದದ್ದು. ಕೊಟ್ಟಿಗೆ, ಅಡಿಕೆ ಸುಲಿಯುವ ಚಪ್ಪರ, ಗೊಬ್ಬರದ ಕೋಣೆ ಇವು ತಾವಾಗಿಯೇ ಸೇರಿದುವೆಂದು ನಂಬದೆ ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆಯಿಸತಕ್ಕದ್ದು. ಅಟ್ಟದಲ್ಲಿರುವ ಚಾಲಿ ಅಡಿಕೆ, ಮೆಣಸು, ಕಾಫಿ ಇವು ಗೃಹೋಪಯೋಗಿ ಸಾಮಾನಲ್ಲ, ಮಾರಾಟದ ಸರಕು. ಇದಕ್ಕೆ ಬೇರೆ ಪಾಲಿಸಿ ಬೇಕಾಗುವುದು. ಐದು ಕೋಟಿ ರೂಪಾಯಿಗೆ ಮೀರದ ಆಸ್ತಿಯುಳ್ಳ ಸಣ್ಣ ಉದ್ಯಮಗಳಿಗಾಗಿ ಅದೇ ದಿನ ಜಾರಿಗೆ ಬಂದ ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬುದು ತನ್ನ ಸರಕಿಗೆ ಒಪ್ಪುವುದೋ ಎಂದು ಕಂಪೆನಿಯಿಂದ ಬರವಣಿಗೆಯಲ್ಲಿ ಉತ್ತರವನ್ನು ಪಡೆಯತಕ್ಕದ್ದು. ಮಲೆನಾಡಿನ ಮನೆಯಲ್ಲಿ ಅಟ್ಟದ ಮೇಲಿನ ಸರಕಿನ ಬೆಲೆಯು ಕೆಲವೊಮ್ಮೆ ಮನೆಯ ಬೆಲೆಗೆ ಸಮನಾಗಿರುವುದರಿಂದ ಈ ವಿಚಾರವನ್ನು ಅಲ್ಪವೆಂದು ಬಿಡಬಾರದು. ಮಾಡು ಸೋಗೆಯದಾಗಿದ್ದರೆ, ಗೋಡೆ ಬಿದಿರಿನದಾಗಿದ್ದರೆ, ಅದನ್ನು ಅರ್ಜಿಯಲ್ಲಿ ಮರೆಮಾಚದೆ ತಿಳಿಸಬೇಕು. ಏಜೆಂಟನು ತುಂಬಿದ ಅರ್ಜಿಗೆ ಓದದೆ ರುಜು ಮಾಡಿದವನು, ಏಜೆಂಟನ ತಪ್ಪಿಗೂ ತಾನೇ ಉತ್ತರ ಹೇಳಬೇಕಾಗುವುದು. ಬ್ಯಾಂಕಿನಿಂದ ಸಾಲ ತೆಗೆದು ಮನೆ ಕಟ್ಟಿದವರ ಹೆಸರಿನಲ್ಲಿ ಬ್ಯಾಂಕೇ ಪಾಲಿಸಿ ಮಾಡಿಸಿರುವುದೂ ಉಂಟು. ಅದರ ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಸಾಲ ತೀರಿದ ಮೇಲೆ ಆ ಪಾಲಿಸಿಯು ನಿಂತುಹೋಯಿತೇ ಇಲ್ಲವೇ ಎಂಬುದನ್ನೂ ವಿಚಾರಿಸಬೇಕು.

ನಷ್ಟವಾದ ಮೇಲೆ

ನಷ್ಟವಾದ ಕೂಡಲೆ ಕಂಪೆನಿಗೆ ತಿಳಿಸುವುದು ಮೊದಲನೆಯ ಕೆಲಸ. ಪರಿಹಾರದ ಅರ್ಜಿಯನ್ನು ನಷ್ಟವು ಕಂಡುಬಂದ ದಿನದಿಂದ 30 ದಿನಗಳೊಳಗೆ ಸಲ್ಲಿಸಬೇಕು. ಮಳೆ ಸುರಿಯುತ್ತಿರುವಾಗ ಮಾಡನ್ನು ತೆರೆದೇ ಬಿಟ್ಟು ಸರ್ವೇಯರನಿಗಾಗಿ ಕಾಯುವುದು ಮೂರ್ಖತನ. ಟಾರ್ಪಾಲನ್ನು ಹೊದಿಸಿ, ಧಾನ್ಯವನ್ನು ಬೇರೆಡೆಗೆ ಸಾಗಿಸಿ, ಹಾನಿಯು ಹೆಚ್ಚದಂತೆ ನೋಡಿಕೊಳ್ಳುವುದು ವಿಮೆ ಮಾಡಿಸಿದವನ ಕರ್ತವ್ಯವೇ ಆಗಿದೆ. ಆದರೆ ಹೊದಿಸುವುದಕ್ಕೆ ಮುಂಚೆ ಚಿತ್ರಗಳನ್ನು ತೆಗೆಯಬೇಕು. ಮುರಿದ ದೋಣಿ, ಹಿಡಿಕೆ, ಪಕಾಸಿಯ ತುಂಡು, ಒಡೆದ ಹಂಚು ಇವನ್ನು ಗುಜರಿಗೂ ಒಲೆಗೂ ಹಾಕದೆ ಸರ್ವೇಯರು ನೋಡುವವರೆಗೆ ಒಂದು ಕಡೆ ರಾಶಿಮಾಡಿ ಇಡತಕ್ಕದ್ದು. ಹೊಸದಾಗಿ ಮುರಿದ ಮರದ ಮುಖವು ಬಿಳುಪಾಗಿರುವುದು. ಕುಂಬಾದ ಮರದ ಮುಖವು ಕಪ್ಪಾಗಿ ಪುಡಿಯಾಗುವುದು. ಗಾಳಿಯು ಮುರಿದುದೆಂಬುದಕ್ಕೆ ಆ ಬಿಳಿಯ ಮುಖಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಎರಡು ವಾರ ಮಳೆಯಲ್ಲಿ ಬಿದ್ದಿದ್ದರೆ ಅದೂ ಕಪ್ಪಾಗುವುದು. ಆದುದರಿಂದ ತುಂಡುಗಳನ್ನು ಒಣಗಿದ ಜಾಗದಲ್ಲಿ ಇಡಬೇಕು. ಗಾಳಿಯು ಬೀಸಿದ್ದಕ್ಕೆ ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆಯ ನಕಲನ್ನು ಪಡೆಯುವುದೂ ಉಪಯುಕ್ತ.

ಕಂಪೆನಿಯು ಪರಿಹಾರವನ್ನು ನಿರಾಕರಿಸಿದರೆ, ಯಾವ ಷರತ್ತಿನ ಆಧಾರದಿಂದ ನಿರಾಕರಿಸಿದರೆಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಸರ್ವೇಯರನ ವರದಿಯ ನಕಲನ್ನೂ ಕೇಳಬೇಕು. ಮೊದಲು ಕಂಪೆನಿಗೇ ಲಿಖಿತ ದೂರನ್ನು ಕೊಡತಕ್ಕದ್ದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರವು ಸಮಾಧಾನಕರವಾಗಿಲ್ಲದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಛೇರಿಗೆ ಒಂದು ವರ್ಷದೊಳಗಾಗಿ ದೂರನ್ನು ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡುವ ಅವಕಾಶವೂ ಇಲ್ಲ, ರೈತನು ತನ್ನ ಮಾತನ್ನು ತಾನೇ ಹೇಳಿಕೊಳ್ಳುವನು. ಅಲ್ಲಿಯ ತೀರ್ಮಾನಕ್ಕೆ ಕಂಪೆನಿಯು ಬದ್ಧವಾಗಿರುವುದು. ದೂರಿನೊಡನೆ ಪಾಲಿಸಿ, ನಿರಾಕರಣೆಯ ಪತ್ರ, ಸರ್ವೇಯರನ ವರದಿ, ದುರಸ್ತಿಯ ರಸೀದಿಗಳು, ಮಳೆಗಾಲಕ್ಕೆ ಮುಂಚೆ ತೆಗೆದ ದೋಣಿಯ ಚಿತ್ರಗಳು, ಬಿದ್ದ ಮೇಲೆ ತೆಗೆದ ಚಿತ್ರಗಳು ಇವುಗಳ ನಕಲುಗಳನ್ನು ಲಗತ್ತಿಸಿ, ಮೂಲಪ್ರತಿಗಳನ್ನು ತನ್ನಲ್ಲಿಯೇ ಇರಿಸಿಕೊಳ್ಳತಕ್ಕದ್ದು.